ಬಾಗಿಲೊಡೆದ ದೊಡ್ಡಿ

ನಮ್ಮ ಸೀಮೆಯಲ್ಲಿ ಮಳೆಗೆ ಬರ ಬಂದಿದೆ, ರಾಗಿಗೆ ಬರ ಬಂದಿದೆ, ಹೆಸರಿಗೆ ಎಂದೂ ಬಂದಿಲ್ಲ. ನನ್ನ ತಾತನ ಕಾಲದ ರೈಲು ಟಿಕೀಟಿನಲ್ಲಿ ರಾಮನಗರಕ್ಕೆ ಒಬ್ಬ ಇಂಗ್ಲಿಷ್ ದೊರೆಯ ಹೆಸರಿತ್ತು. ಅದಕ್ಕೂ ಮುಂಚೆ ಸುಲ್ತಾನರ ಕಾಲದ್ದು ಇನ್ನೊಂದಿತ್ತಂತೆ. ಆಮೇಲೆ ರಾಮ ಬಂದ. ಜಿಲ್ಲೆಯ ಕಥೆಯೂ ಹೀಗೆಯೇ. ನಾನು ಮೇಷ್ಟ್ರ ಕೆಲಸಕ್ಕೆ ಸೇರಿದಾಗ ಚನ್ನಪಟ್ಟಣ, ಕನಕಪುರ, ಮಾಗಡಿ, ರಾಮನಗರ ನಾಲ್ಕೂ ಬೆಂಗಳೂರು ಜಿಲ್ಲೆಗೆ ಸೇರಿದ್ದವು. ರೇಷ್ಮೆಯ ಭರಾಟೆಯ ಕಾಲದಲ್ಲಿ ಸರ್ಕಾರದವರು ಆ ಜಿಲ್ಲೆಯನ್ನು ಎರಡು ಹೋಳು ಮಾಡಿ, ಪೇಟೆಯ ಹೋಳನ್ನು ತಮ್ಮ ಹತ್ತಿರ ಇಟ್ಟುಕೊಂಡು, ಉಳಿದದ್ದಕ್ಕೆ ಬೆಂಗಳೂರು ಗ್ರಾಮಾಂತರ ಎಂದು ನಾಮಕರಣ ಮಾಡಿದರು. ಮದುವೆಮನೆಯಲ್ಲಿ ಒಬ್ಬರನ್ನು 'ಇವರು ಗಂಡಿನ ಕಡೆಯವರಲ್ಲ' ಎಂದು ಪರಿಚಯ ಮಾಡಿಕೊಟ್ಟ ಹಾಗೆ. ಮುಂದೆ ರಾಮನಗರ ಜಿಲ್ಲೆಯಾಯಿತು. ಈಚೆಗೆ ಮತ್ತೆ ಬೆಂಗಳೂರಿನ ಹೆಸರನ್ನೇ ಒಂದು ದಿಕ್ಕು ಸೇರಿಸಿ ಕೊಟ್ಟಿದ್ದಾರೆ. ಇಷ್ಟೆಲ್ಲ ಆದರೂ ನಾವು ನಿಂತ ಜಾಗದಿಂದ ಒಂದು ಗೇಣೂ ಅಲ್ಲಾಡಿಲ್ಲ.

ದೊಡ್ಡ ಹೆಸರುಗಳ ಉಸಾಬರಿ ದೊಡ್ಡವರಿಗಿರಲಿ. ಕೈಲಾಂಚ ಹೋಬಳಿಯ ನಮ್ಮ ಮೂವತ್ತು ಮನೆಯ ಊರಿಗೆ ಹೆಸರು ಬಂದದ್ದು ಹೇಗೆ ಎಂಬುದು ನನಗೆ ಚೆನ್ನಾಗಿ ಗೊತ್ತು, ಏಕೆಂದರೆ ಅದು ಬರುವಾಗ ಪೆನ್ನು ನನ್ನ ಕೈಯಲ್ಲೇ ಇತ್ತು.

ನಮ್ಮ ಕಡೆ ಎಲ್ಲಿ ಎಡವಿದರೂ ಒಂದು ದೊಡ್ಡಿಯ ಮೇಲೆ ಬೀಳುತ್ತೀರಿ. ದೊಡ್ಡಿ ಎಂದರೆ ದನ ಕೂಡುವ ಜಾಗ. ಹಿಂದೆ ಯಾವನೋ ಒಬ್ಬ ಕಾಡಂಚಿಗೆ ದನ ಹೊಡೆದುಕೊಂಡು ಬಂದು, ಮುಳ್ಳುಬೇಲಿ ಹಾಕಿ, ಪಕ್ಕದಲ್ಲಿ ಗುಡಿಸಲು ಕಟ್ಟಿಕೊಂಡ. ಆಮೇಲೆ ಅವನ ಭಾಮೈದ ಬಂದ, ಭಾಮೈದನ ಹಿಂದೆ ಅವನ ಸಾಲಗಾರರು ಬಂದರು, ಊರಾಯಿತು. ಮೊದಲು ಬೇಲಿ ಹಾಕಿದವನ ಹೆಸರಿನ ಮುಂದೆ ದೊಡ್ಡಿ ಎಂದು ಸೇರಿಸಿದರೆ ಊರಿನ ಹೆಸರೂ ಆಯಿತು. ಶಾಸ್ತ್ರ ಇಷ್ಟೇ. ನಮ್ಮ ಊರಿನ ಕಷ್ಟವೇನೆಂದರೆ, ಮೊದಲು ಬೇಲಿ ಹಾಕಿದವನು ಯಾರು ಎಂಬುದರಲ್ಲಿ ಎರಡು ಪಕ್ಷವಿತ್ತು. ನಾವು ಬೇಸಾಯದವರು, ನಮ್ಮ ತಾತ ದನ ಕೂಡಿದ ದೊಡ್ಡಿ ಎನ್ನುತ್ತಿದ್ದೆವು. ಇನ್ನರ್ಧ ಊರಿನವರು ಕುರಿ ಸಾಕುವವರು, ಅವರು ತಮ್ಮ ತಾತನ ಕುರಿ ರೊಪ್ಪ ಎನ್ನುತ್ತಿದ್ದರು. ಸರ್ಕಾರದ ಕಡತದಲ್ಲಿ ಎರಡೂ ಇರಲಿಲ್ಲ. ಅಲ್ಲಿ ನಾವು ಪಕ್ಕದ ದೊಡ್ಡ ಗ್ರಾಮದ ಬಾಲವಾಗಿದ್ದೆವು. ಬಾಲಕ್ಕೆ ಬೇರೆ ಹೆಸರೇಕೆ ಎಂದು ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ಕುರಿಯವರ ಪೈಕಿ ಒಬ್ಬನನ್ನು ನಾನು ಭಾವ ಎನ್ನುತ್ತಿದ್ದೆ. ರಕ್ತದ ಸಂಬಂಧವಿಲ್ಲ. ಅವನ ಹೆಂಡತಿಯನ್ನು ಅಕ್ಕ ಎಂದು ಕರೆಯುತ್ತಿದ್ದುದರಿಂದ ಅವನು ಭಾವನಾದ. ಕುರಿಯನ್ನೆಲ್ಲ ಮಾರಿ, ನಮ್ಮ ಊರಿನಲ್ಲಿ ಮೊಟ್ಟಮೊದಲು ಹಿಪ್ಪುನೇರಳೆ ಕಡ್ಡಿ ನೆಟ್ಟವನು ಅವನು. ಅವನ ಕಡೆಯವರೇ ಆಡಿಕೊಂಡರು.

"ಕುರಿ ಕಾಯೋ ಜಾತೀಲಿ ಹುಟ್ಟಿ ಹುಳ ಕಾಯ್ತೀಯಲ್ಲೋ."

"ಕುರಿ ಕಂಡೋರ ಹೊಲಕ್ಕೆ ನುಗ್ತದೆ, ಬೈಸ್ಕಬೇಕು. ಹುಳ ಯಾರ ಹೊಲಕ್ಕೂ ನುಗ್ಗಕ್ಕಿಲ್ಲ ಕಣ್ಲಾ," ಎಂದು ಅವನು ಉತ್ತರ ಕೊಟ್ಟ.

ಎರಡೇ ವರ್ಷದಲ್ಲಿ ಆಡಿಕೊಂಡವರೆಲ್ಲ ಅವನ ಹತ್ತಿರವೇ ಕಡ್ಡಿ ಕೇಳಿಕೊಂಡು ಹೋಗಿ ನೆಟ್ಟರು. ನಾವೂ ನೆಟ್ಟೆವು. ಮನುಷ್ಯರು ಜಗಲಿಗೆ ಬಂದರು, ರೇಷ್ಮೆಹುಳ ನಡುಮನೆಗೆ ಹೋಯಿತು. ಹುಳಕ್ಕೆ ಜ್ವರ ಎಂದರೆ ಮನೆಯಲ್ಲಿ ಪಿಸುಮಾತು. ಇದು ಕಾಯಿಲೆಯ ಜ್ವರವಲ್ಲ, ಹುಳ ಪೊರೆ ಬಿಡುವ ಹೊತ್ತು. ನಾಲ್ಕು ಸಲ ಹಾಗೆ ತಿನ್ನದೆ ತಲೆಯೆತ್ತಿ ಕೂರುತ್ತವೆ. ನಾಲ್ಕನೆಯದು ಕಳೆದ ಮೇಲೆ ಹಗಲೂ ಇರುಳೂ ತಿನ್ನುತ್ತವೆ, ಮನೆಯೊಳಗೆ ಸೋನೆ ಮಳೆ ಹಿಡಿದ ಹಾಗೆ ಸದ್ದು. ಆಮೇಲೆ ಒಂದು ದಿನ ಮೈ ಹಳದಿಗೆ ತಿರುಗಿ ಹಣ್ಣಾಗುತ್ತವೆ. ಹಣ್ಣಾದ ಹುಳವನ್ನು ಆಗಿಂದಾಗಲೇ ಆರಿಸಿ, ಚಂದ್ರಿಕೆ ಎಂಬ ಬಿದಿರ ತಟ್ಟಿಯ ಮೇಲೆ ಬಿಡಬೇಕು, ಗೂಡು ಕಟ್ಟಲು. ಅದು ಯಾರಿಗೂ ಕಾಯುವುದಿಲ್ಲ. ದೇವರಿಗೆ ನಾಳೆ ಬಾ ಎನ್ನಬಹುದು, ಹಣ್ಣಾದ ಹುಳಕ್ಕೆ ಎನ್ನುವಂತಿಲ್ಲ.

ಇಂಥ ದೇವರಿಗೆ ಮಡಿಯೂ ಇತ್ತು. ಹುಳಮನೆಗೆ ಹೊರಗಿನವರು ಹೋಗಬಾರದು. ಹೊಗೆಸೊಪ್ಪು ಹಾಕಿದವನು ಹೋಗಬಾರದು. ಮುಟ್ಟಾದ ಹೆಂಗಸು ಬಾಗಿಲನ್ನೂ ಮುಟ್ಟಬಾರದು. ಎಲ್ಲಕ್ಕಿಂತ ಮಿಗಿಲಾಗಿ, ಯಾರ ಮನೆಯ ಹುಳಕ್ಕೆ ಹಾಲುರೋಗ ಬಂದು ಮೈಯೊಡೆದು ಸೋರಿ ಸತ್ತಿರುತ್ತದೋ ಆ ಮನೆಯವರು ಇನ್ನೊಬ್ಬರ ಹುಳಮನೆಯ ನೆರಳಿಗೂ ಹೋಗಬಾರದು. ಇದರಲ್ಲಿ ಅರ್ಧ ವಿಜ್ಞಾನ, ಅರ್ಧ ನಮ್ಮದೇ ಬುದ್ಧಿ. ಯಾವುದು ಯಾವುದು ಎಂದು ಬೇರೆ ಮಾಡುವ ಪುರಸೊತ್ತು ಯಾರಿಗೂ ಇರಲಿಲ್ಲ. ಭಾವ ಈ ಮಡಿಯಲ್ಲಿ ಎಲ್ಲರಿಗಿಂತ ಕಟ್ಟುನಿಟ್ಟು. ಹುಳ ನೋಡಲು ಬಂದ ಇಲಾಖೆಯ ಸಾಹೇಬರನ್ನು ಮೂರು ಸಲ ಕಾಲು ತೊಳೆಸಿ, ಕೊನೆಗೆ ಕಿಟಕಿಯಿಂದ ನೋಡಿಸಿ ಕಳಿಸಿದ್ದ. ನಮ್ಮ ದೊಡ್ಡಪ್ಪ ಒಮ್ಮೆ ಬೆಂಕಿಪೊಟ್ಟಣ ಕೇಳಲು ಹೊಸ್ತಿಲ ತನಕ ಹೋದಾಗ, "ಇನ್ನೊಂದು ಹೆಜ್ಜೆ ಇಟ್ರೆ ಕಾಲು ಮುರ್ದುಬುಟ್ಟೇನು ನೋಡು" ಎಂದಿದ್ದ. ಆರು ತಿಂಗಳು ಇಬ್ಬರಿಗೂ ಮಾತಿರಲಿಲ್ಲ.

ಆ ವರ್ಷಗಳಲ್ಲೇ ಊಜಿ ನೊಣ ಬಂತು. ಹುಳದ ಮೈಮೇಲೆ ಮೊಟ್ಟೆಯಿಟ್ಟು ಹೋಗುವ ನೊಣ. ಒಳಗೆ ಮರಿಯಾಗಿ, ಹುಳವನ್ನು ತಿಂದು, ತೂತು ಕೊರೆದುಕೊಂಡು ಹೊರಗೆ ಬರುತ್ತದೆ. ಅದರ ಭಯಕ್ಕೆ ಊರಿನ ಕಿಟಕಿಗಳೆಲ್ಲ ಮುಚ್ಚಿದವು. ಭಾವ ತನ್ನ ಹುಳಮನೆಯ ಬೆಳಕಿಂಡಿಗೆ ಗೋಣಿ ಹೊಡೆದ, ಹೆಂಚಿನ ಸಂದಿಗೆ ಸಗಣಿ ಮೆತ್ತಿದ, ಬಾಗಿಲ ಕೆಳಗೆ ಬಟ್ಟೆ ತುರುಕಿದ. ನೊಣವಲ್ಲ, ನೊಣದ ಯೋಚನೆಯೂ ಒಳಗೆ ಬರದ ಹಾಗೆ ಮಾಡಿದ. ಅದು ಮಾಗಿ ಕಾಲ. ಹುಳ ನಾಲ್ಕನೇ ಜ್ವರ ಕಳೆದು ಹಣ್ಣಾಗುವುದಕ್ಕೆ ಬಂದಿತ್ತು. ಚಳಿಗೆ ಹುಳ ಮಂಕಾಗುತ್ತದೆ ಎಂದು ಒಂದು ಕಬ್ಬಿಣದ ಬಾಣಲಿಯ ತುಂಬ ಇದ್ದಿಲು ಹೊತ್ತಿಸಿ ಒಳಗಿಟ್ಟು, ಚಿಲಕ ಹಾಕಿಕೊಂಡು ಹುಳದ ಜೊತೆ ಮಲಗಿದ.

ಬೆಳಿಗ್ಗೆ ನಾನು ಬಿಂದಿಗೆ ಹಿಡಿದು ನೀರಿಗೆ ಹೊರಟಿದ್ದೆ. ಅಕ್ಕ ತನ್ನ ಮನೆಯ ಹಿಂಭಾಗದಲ್ಲಿ ಮೂರು ದಿನದ ಮುಟ್ಟಿಗೆ ಹೊರಗೆ ಕೂತಿದ್ದಳು. ಹತ್ತು ಮಾರು ದೂರದಲ್ಲಿ ಹುಳಮನೆ.

"ತಮ್ಮಯ್ಯ, ಒಸಿ ಬಾಪ್ಪ ಇಲ್ಲಿ. ಆವಾಗ್ಲಿಂದ ಕೂಗ್ತಾ ಇವ್ನಿ, ಏಳ್ನೇ ಇಲ್ಲ. ಸೊಪ್ಪು ಹಾಕೋ ಹೊತ್ತು ಮೀರೋಯ್ತು. ನಾನು ಬಾಗ್ಲು ಮುಟ್ಟಂಗಿಲ್ಲ, ನೀನೊಸಿ ತಟ್ಟು."

ನಾನು ಹುಳಮನೆಯಿಂದ ನಾಲ್ಕು ಹೆಜ್ಜೆ ದೂರ ನಿಂತೆ. ಆ ವಾರ ನಮ್ಮ ಮನೆಯ ಹುಳ ಪೂರಾ ಹಾಲುರೋಗಕ್ಕೆ ಹೋಗಿತ್ತು. ಹಿಂದಿನ ಸಂಜೆಯೇ ಎಲ್ಲವನ್ನೂ ಗುಂಡಿಗೆ ಸುರಿದು ಸುಣ್ಣ ಹಾಕಿದ್ದೆ.

"ನಮ್ಮನೇಲಿ ಹಾಲುರೋಗ ಅಲ್ವಾಕ್ಕ. ನಾನು ಮುಟ್ಟಿ ಏನಾರ ಆದ್ರೆ ಭಾವ ನನ್ನ ಉಳ್ಸ್ತಾನಾ?"

"ಅದೂ ಸರಿ ಅನ್ನು," ಎಂದಳು.

ಅಲ್ಲಿಂದಲೇ ಕೂಗಿದೆ. ಒಂದು ಕಲ್ಲು ತೆಗೆದು ಹೆಂಚಿನ ಮೇಲೆ ಎಸೆದೆ, ಕಲ್ಲಿಗೆ ರೋಗವಿಲ್ಲ ಎಂಬ ಲೆಕ್ಕದಲ್ಲಿ. ಒಳಗೆ ಹುಳ ಮೇಯುವ ಸದ್ದೂ ಇರಲಿಲ್ಲ. ಸೊಪ್ಪು ಮುಗಿದಿತ್ತು. ಆಗ ನಾನು ಓದಿದವನ ವಿವೇಕದಿಂದ ಒಂದು ತೀರ್ಮಾನಕ್ಕೆ ಬಂದೆ. ಯಾರ ಮನೆಯ ಹುಳ ಆರೋಗ್ಯವಾಗಿದೆಯೋ ಅಂಥವರನ್ನು ಕರೆದುಕೊಂಡು ಬರಬೇಕು. ನಮ್ಮ ದೊಡ್ಡಪ್ಪನ ಹುಳ ಚೆನ್ನಾಗಿತ್ತು. ಅವನು ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದ. ಓಡಿಹೋಗಿ ಹೇಳಿದೆ.

"ಮಲಗಿರ್ತಾನೆ ಬುಡ್ಲಾ. ರಾತ್ರಿಯೆಲ್ಲ ಸೊಪ್ಪು ಹಾಕವ್ನೆ," ಎಂದ ದೊಡ್ಡಪ್ಪ. "ಮೊದ್ಲೇ ನನ್ ಕಾಲು ಮುರೀತೀನಿ ಅಂದಿದ್ದೋನು. ತಡಿ, ಈ ಹೊರೆ ಕಟ್ಬುಟ್ಟು ಬತ್ತೀನಿ. ಬಿಸ್ಲು ಬಂದ್ರೆ ಸೊಪ್ಪು ಬಾಡೋಯ್ತದೆ."

ಹೊರೆ ಕಟ್ಟಲು ನಾನೂ ಕೈ ಹಚ್ಚಿದೆ. ಹಗ್ಗ ಎಳೆದು ಗಂಟು ಹಾಕುತ್ತಿದ್ದಾಗ ಊರಿನ ಕಡೆಯಿಂದ ಕೊಡಲಿಯ ಸದ್ದು ಕೇಳಿತು. ಮರ ಕಡಿಯುವ ಸದ್ದಿಗೂ ಬಾಗಿಲು ಕಡಿಯುವ ಸದ್ದಿಗೂ ವ್ಯತ್ಯಾಸವಿದೆ. ಬಾಗಿಲಿನದು ಟೊಳ್ಳು. ದೊಡ್ಡಪ್ಪ ಹೊರೆಯನ್ನು ಅಲ್ಲೇ ಬಿಟ್ಟು ನನಗಿಂತ ಮುಂದೆ ಓಡಿದ.

ಅಕ್ಕನೇ ಒಡೆದಿದ್ದಳು. ಮೂರು ದಿನದ ಸೀರೆಯಲ್ಲೇ, ಕೊಟ್ಟಿಗೆಯ ಕೊಡಲಿಯಲ್ಲಿ. ಭಾವ ಹುಳದ ತಟ್ಟೆಗಳ ನಡುವೆ ಗೋಣಿಯ ಮೇಲೆ ಮಗ್ಗುಲಾಗಿ ಮಲಗಿದ್ದ. ಮುಖ ಕೆಂಪಗೆ, ಒಳ್ಳೆಯ ಊಟ ಮಾಡಿ ಮಲಗಿದವನ ಹಾಗಿತ್ತು. ಅವನನ್ನು ಅಂಗಳಕ್ಕೆ ಎತ್ತಿ ತಂದವರಲ್ಲಿ ನಾನೂ ಒಬ್ಬ. ಆಗ ಮುಟ್ಟಬಹುದಿತ್ತು. ಉಸಿರಿರಲಿಲ್ಲ, ಮೈ ಇನ್ನೂ ಬೆಚ್ಚಗಿತ್ತು. ಅದು ಅವನ ಮೈಯ ಬಿಸಿಯೋ, ಇದ್ದಿಲ ಮನೆಯ ಬಿಸಿಯೋ ಎಂದು ಇವತ್ತಿನ ತನಕ ತೂಗಿ ನೋಡುತ್ತಿದ್ದೇನೆ. ಇದ್ದಿಲ ಹೊಗೆಗೆ ಉಸಿರು ಕಟ್ಟಿದೆ ಎಂದ ಡಾಕ್ಟರರನ್ನು ಕೇಳಿದ್ದರೆ ಅದನ್ನೂ ಹೇಳುತ್ತಿದ್ದರೇನೋ. ನಾನು ಕೇಳಲಿಲ್ಲ.

ಹುಳ ಸತ್ತಿರಲಿಲ್ಲ. ಗಾಳಿ ಬಿದ್ದು ಸ್ವಲ್ಪ ಹೊತ್ತಿಗೆ ತಲೆಯೆತ್ತಿದವು. ಮಧ್ಯಾಹ್ನದ ಹೊತ್ತಿಗೆ ಹಳದಿಗೆ ತಿರುಗತೊಡಗಿದವು. ಸೂತಕದ ಮನೆಯವರು ಹುಳ ಮುಟ್ಟುವ ಹಾಗಿಲ್ಲ. ಅದಕ್ಕೆ ನಮ್ಮಲ್ಲಿ ಒಂದು ಪದ್ಧತಿಯಿತ್ತು, ಅಂಥ ಹೊತ್ತಿನಲ್ಲಿ ಜಗಳವಿದ್ದವರೂ ಬಂದು ಹುಳ ಆರಿಸಿ ಕೊಡಬೇಕು. ಅಂಗಳದಲ್ಲಿ ಹೆಣವಿತ್ತು, ಒಳಗೆ ದೊಡ್ಡಪ್ಪ ಮತ್ತು ನಾಲ್ಕು ಮನೆಯ ಹೆಂಗಸರು ಒಂದೊಂದೇ ಹುಳವನ್ನು ಆರಿಸಿ ಚಂದ್ರಿಕೆಗೆ ಬಿಡುತ್ತಿದ್ದರು. ಕೈ ಬೇಗ ಓಡಲಿ ಎಂದು ಅಳುವವರು ಕೂಡ ಹೊರಗೆ ಬಂದು ಅತ್ತು ಮತ್ತೆ ಒಳಗೆ ಹೋಗುತ್ತಿದ್ದರು. ಆ ಸಲ ಊರಿನಲ್ಲೇ ಒಳ್ಳೆಯ ಗೂಡು ಅದೇ. ಮುಟ್ಟಿನ ಹೆಂಗಸು ಕೊಡಲಿ ಹಿಡಿದು ನುಗ್ಗಿದ್ದಳು, ಹಾಲುರೋಗದ ಮನೆಯವನಾದ ನಾನೂ ಗಡಿಬಿಡಿಯಲ್ಲಿ ಒಳಗೆ ಹೋಗಿದ್ದೆ, ಸೂತಕ ಬೇರೆ. ಹುಳಕ್ಕೆ ಏನೂ ಆಗಲಿಲ್ಲ. ಈ ಸಂಗತಿಯನ್ನು ಯಾರೂ ಗಮನಕ್ಕೆ ತೆಗೆದುಕೊಳ್ಳಲಿಲ್ಲ. ಮುಂದಿನ ಬೆಳೆಗೂ ಅದೇ ಮಡಿ ನಡೆಯಿತು.

ಗೂಡಿನ ಮಾರುಕಟ್ಟೆ ದೊಡ್ಡ ಬಾಯಿ. ಅಲ್ಲಿ ಸುದ್ದಿ ಬೆಳಗಾಗುವುದರೊಳಗೆ ನಾಲ್ಕೂ ತಾಲ್ಲೂಕಿಗೆ ಹೋಗುತ್ತದೆ. 'ಯಾವೂರು?' ಎಂದು ಕೇಳಿದರೆ ನಮ್ಮವರು ಇಬ್ಬರು ತಾತಂದಿರ ಹೆಸರಲ್ಲಿ ಒಂದು ಹೇಳುವರು. ಕೇಳಿದವನಿಗೆ ತಿಳಿಯದು. ಆಮೇಲೆ, "ಅದೇ, ಹೆಂಗಸು ಬಾಗ್ಲು ಒಡೆದ್ಲಲ್ಲ, ಆ ದೊಡ್ಡಿಯಾ?" ಎನ್ನುವನು. ಬಸ್ಸಿನ ಕಂಡಕ್ಟರ್ ಅದನ್ನು ಇನ್ನೂ ಚಿಕ್ಕದು ಮಾಡಿದ. "ಬಾಗಿಲೊಡೆದ ದೊಡ್ಡಿ ಯಾರ್ರೀ, ಬಾಗಿಲ್ ಹತ್ರ ಬನ್ನಿ."

ಇದಾಗಿ ಎರಡು ಮೂರು ವರ್ಷಕ್ಕೆ ಜಿಲ್ಲೆ ಎರಡಾಯಿತು. ಹೊಸ ಜಿಲ್ಲೆಗೆ ಹೊಸ ಕಡತ. ಗ್ರಾಮಲೆಕ್ಕಿಗರು ಒಂದು ನಮೂನೆ ಹಿಡಿದು ಶಾಲೆಗೆ ಬಂದರು. ನಮ್ಮ ದೊಡ್ಡಿಗೂ ಇನ್ನು ಅದರದೇ ಹೆಸರು ಬರೆದುಕೊಳ್ಳುತ್ತಾರಂತೆ. ಒಂದು ಕಾಲಮಿನಲ್ಲಿ ಗ್ರಾಮದ ಹೆಸರು, ಪಕ್ಕದ್ದರಲ್ಲಿ ಹೆಸರು ಬಂದ ಬಗೆ.

"ನಿಮ್ಮ ಅಕ್ಷರ ಚೆನ್ನಾಗೈತೆ ಮೇಷ್ಟ್ರೇ," ಎಂದರು ಅವರು. "ನೀವು ಏನು ಬರೀತೀರೋ ಅದೇ ಮೇಲಕ್ಕೆ ಹೋಗ್ತದೆ. ನಾನು ರುಜು ಮಾಡೋದಷ್ಟೇ."

ಅಂದೇ ಸಂಜೆ ಅಕ್ಕ ಶಾಲೆಯ ಜಗಲಿಗೆ ಬಂದಳು. ಗಂಡ ಸತ್ತ ಮೇಲೂ ಅವಳು ರೇಷ್ಮೆ ಬಿಟ್ಟಿರಲಿಲ್ಲ. ಕೈಗೆಲ್ಲ ಸೊಪ್ಪಿನ ಕಲೆ.

"ಊರಿಗೆ ಹೆಸ್ರು ಬರೀತೀಯಂತಲ್ಲಪ್ಪ."

"ಹೂಂಕಣಕ್ಕ."

"ಅದ ಬರೀಬ್ಯಾಡ. ಆ ಬಾಗ್ಲು ಮಾತ."

"ಅದ ಬರ್ದೇನಾ? ಬುಡಕ್ಕ."

"ಮೊದ್ಲು ಬೇಲಿ ಹಾಕ್ದೋರ ಹೆಸ್ರು ತಾನೆ ಇಕ್ಕೋದು? ಈ ಊರ್ಗೆ ಮೊದ್ಲು ಕಡ್ಡಿ ನೆಟ್ಟೋರು ಯಾರು ಹೇಳು. ಎಲ್ರೂ ಮನೆಗೆ ಹೆಂಚು ಹಾಕ್ಕಂಡ್ರಲ್ಲ, ಯಾರಿಂದ? ಅವ್ರ ಹೆಸ್ರು ಇಕ್ಕು."

ಅವ್ರ ಎಂದಳೇ ಹೊರತು ಹೆಸರು ಹೇಳಲಿಲ್ಲ. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಎತ್ತುವುದಿಲ್ಲ, ಸತ್ತ ಮೇಲೂ. ನನಗೆ ನಗು ಬಂತು.

"ಅಲ್ಲಕ್ಕ, ಊರಿಗೆ ಭಾವನ ಹೆಸರಿಟ್ರೆ ನೀನು ಬಸ್ಸಲ್ಲಿ ಟಿಕೆಟ್ ಕೇಳೋದು ಹೆಂಗೆ?"

ಅವಳೂ ನಕ್ಕಳು. ಆ ಎರಡು ಮೂರು ವರ್ಷದಲ್ಲಿ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಮುಂದ್ಲ ಸ್ಟಾಪಿಗೆ ಇಸ್ಕಂಡು ಹಿಂದಕ್ ನಡ್ಕಂಡ್ ಬತ್ತೀನಿ ಬುಡು. ನೀನು ಇಕ್ಕು."

ಇಡುತ್ತೇನೆ ಎಂದೆ. ಆಮೇಲೆ, ಪ್ರಜಾಪ್ರಭುತ್ವದಲ್ಲಿ ಒಬ್ಬನೇ ತೀರ್ಮಾನ ಮಾಡಬಾರದು ಎಂಬ ಘನವಾದ ಆಲೋಚನೆ ಬಂದು, ಊರವರನ್ನು ಶಾಲೆಗೆ ಕರೆದೆ. ಬೇಸಾಯದವರ ಕಡೆ ದೊಡ್ಡಪ್ಪ. ಕುರಿಯವರ ಕಡೆ ಭಾವನ ಸ್ವಂತ ಚಿಕ್ಕಪ್ಪ, ಹಲ್ಲಿಲ್ಲದ ಮುದುಕ.

"ನಿಮ್ ತಾತನ ದೊಡ್ಡಿ ಅಂತೀರಲ್ಲ," ಎಂದು ಮುದುಕ ಶುರುಮಾಡಿದ, "ಅವನ್ಗಿದ್ದದ್ದು ಒಂದು ಕುಂಟೆಮ್ಮೆ ಕಣ್ಲಾ. ಒಂದೆಮ್ಮೆ ಕಟ್ಟಿದ್ರೆ ಅದ ಗೂಟ ಅಂತಾರೆ, ದೊಡ್ಡಿ ಅನ್ನಕ್ಕಿಲ್ಲ."

"ನಿಮ್ ತಾತ ಕುರಿ ಹೊಡ್ಕಂಡು ವರ್ಸವೆಲ್ಲ ಮಾಗಡಿ, ಕನಕಪುರ ಸುತ್ತೋನು," ಎಂದ ದೊಡ್ಡಪ್ಪ. "ಮಳೆ ಬಂದ್ರೆ ಇಲ್ಲಿ ಒಸಿ ಹೊತ್ತು ನಿಂತ್ಕತಿದ್ದ. ನಿಂತ್ಕಂಡೋನ ಹೆಸ್ರೆಲ್ಲ ಊರಿಗೆ ಇಕ್ಕಕ್ಕಾದದೇನ್ಲಾ?"

ಒಂದು ಗಂಟೆ ಇದೇ ನಡೆಯಿತು. ನಡುವೆ ನಾನು ಭಾವನ ಹೆಸರು ಹೇಳಿದೆ. ಅಲ್ಲಿಯ ತನಕ ಒಂದೂ ಮಾತಿಗೆ ಒಪ್ಪದ ಎರಡು ಪಕ್ಷವೂ ಅದಕ್ಕೆ ಒಮ್ಮತದಿಂದ ತಲೆಯಾಡಿಸಿತು, ಬೇಡ ಎಂದು.

"ಸತ್ತೋನ್ ಹೆಸ್ರು ಊರಿಗೆ ಬ್ಯಾಡ," ಎಂದ ದೊಡ್ಡಪ್ಪ.

"ತಾತಂದಿರೇನು ಬದುಕವ್ರಾ ದೊಡ್ಡಪ್ಪ?"

"ಅವ್ರು ವಯಸ್ಸಾಗಿ ಹೋದ್ರು. ಇದು ಕೆಟ್ಟ ಸಾವು. ಊರಿಗೆ ಗಾಳಿ ಹಿಡೀತದೆ."

ಭಾವನ ಚಿಕ್ಕಪ್ಪನನ್ನು ನೋಡಿದೆ. ಅವನು ಕಣ್ಣು ಒರೆಸಿಕೊಂಡ. "ನನ್ ಮಗನಂಗಿದ್ದ. ಆದ್ರೂ ಬ್ಯಾಡ ಮೇಷ್ಟ್ರೇ. ಮಕ್ಳು ಮರಿ ಇರೋ ಊರು."

ಎಲ್ಲರೂ ಎದ್ದು ಹೋದರು. ನಮೂನೆ ನನ್ನ ಮುಂದಿತ್ತು. ಆ ಕಾಗದವನ್ನು ಓದಬಲ್ಲವರು ಊರಿನಲ್ಲಿ ಮೂರೋ ನಾಲ್ಕೋ ಮಂದಿ, ಅವರ್ಯಾರೂ ಓದುತ್ತಿರಲಿಲ್ಲ. ನಾಲ್ಕು ಅಕ್ಷರ ಬರೆದು ಮಡಿಸಿಕೊಟ್ಟಿದ್ದರೆ ಮುಗಿಯುತ್ತಿತ್ತು. ಊರು ಬೈಯುತ್ತಿತ್ತು, ಆರು ತಿಂಗಳು ಮಾತು ಬಿಡುತ್ತಿತ್ತು, ಆಮೇಲೆ ಮರೆಯುತ್ತಿತ್ತು. ನಾನು ಹೆಸರಿನ ಕಾಲಮನ್ನು ಖಾಲಿ ಬಿಟ್ಟು, ಪಕ್ಕದಲ್ಲಿ ದುಂಡಾದ ಅಕ್ಷರದಲ್ಲಿ 'ಗ್ರಾಮಸ್ಥರಲ್ಲಿ ಒಮ್ಮತ ಮೂಡಿರುವುದಿಲ್ಲ' ಎಂದು ಬರೆದೆ. ಅಧಿಕಾರವಿದ್ದವರು ಯಾರಾದರೂ ಬಂದು ಬಾಗಿಲು ತೆಗೆಯಲಿ ಎಂದು ಇನ್ನೊಂದು ಸಲ ನಾಲ್ಕು ಹೆಜ್ಜೆ ದೂರ ನಿಂತೆ.

ಕೆಲವು ತಿಂಗಳ ಮೇಲೆ ಊರಿನ ತಲೆಬಾಗಿಲಲ್ಲಿ ಹಳದಿ ಹಲಗೆ ನೆಟ್ಟರು. ಬಾಗಿಲೊಡೆದದೊಡ್ಡಿ. ನಾನು ಗ್ರಾಮಲೆಕ್ಕಿಗರ ಹತ್ತಿರ ಓಡಿದೆ.

"ಖಾಲಿ ಕಳ್ಸಕ್ಕಾಯ್ತದಾ ಮೇಷ್ಟ್ರೇ?" ಎಂದರು ಅವರು. "ಕಂಡಕ್ಟರ್ ಹೆಂಗೆ ಕೂಗ್ತಾನೋ ಹಂಗೇ ಬರ್ದೆ. ಬಗೆ ಕೂಡ ನಾನೇ ಬರ್ದಿವ್ನಿ, ನೋಡಿ."

ಬಗೆ ಹೀಗಿತ್ತು: 'ಪೂರ್ವಕಾಲದಲ್ಲಿ ಪಾಳೆಯಗಾರರ ಕೋಟೆಯ ಬಾಗಿಲನ್ನು ಶತ್ರುಗಳು ಇಲ್ಲಿ ಒಡೆದ ಕಾರಣ ಈ ಹೆಸರು ಬಂದಿರುತ್ತದೆ.' ನಮ್ಮ ದೊಡ್ಡಿಯಲ್ಲಿ ಕೋಟೆಯಿರಲಿ, ಕೋಟೆಯ ಒಂದು ಮುರುಕು ಗೋಡೆಯೂ ಇಲ್ಲ. ಆದರೆ ಕಡತದಲ್ಲಿ ಯುದ್ಧ ನಡೆದುಹೋಗಿತ್ತು. ಮುಂದೆ ಅದನ್ನು ನೋಡಿ ಒಬ್ಬರು ತಾಲ್ಲೂಕಿನ ಪುಸ್ತಿಕೆಯಲ್ಲಿ ಬರೆದರು. ಪುಸ್ತಿಕೆ ಶಾಲೆಗೆ ಬಂತು. 'ನಮ್ಮ ಊರಿನ ಹೆಸರು ಹೇಗೆ ಬಂತು?' ಎಂಬ ಪ್ರಶ್ನೆಗೆ ಮಕ್ಕಳು 'ಶತ್ರುಗಳು ಬಾಗಿಲು ಒಡೆದರು' ಎಂದು ಬರೆದಾಗ ಸರಿ ಗುರುತು ಹಾಕಿದವನೂ ನಾನೇ. ಮುಂದೆ ಜಿಲ್ಲೆಯ ಹೆಸರು ಬದಲಾದಾಗಲೆಲ್ಲ ಕಡತ ಹೊಸದಾಗುತ್ತಿತ್ತು, ನಮ್ಮ ಹೆಸರನ್ನು ಮಾತ್ರ ನಿಷ್ಠೆಯಿಂದ ಹಾಗೆಯೇ ಇಳಿಸಿಕೊಳ್ಳುತ್ತಿದ್ದರು.

ಅಕ್ಕ ನನ್ನನ್ನು ಏನೂ ಕೇಳಲಿಲ್ಲ. ಮಾತು ಬಿಡಲೂ ಇಲ್ಲ. ಬಸ್ಸಿನಲ್ಲಿ ಮುಂದಿನ ಸ್ಟಾಪಿಗೆ ಟಿಕೆಟ್ ತೆಗೆದುಕೊಂಡು ಹಿಂದಕ್ಕೆ ನಡೆದುಬರಲು ಶುರುಮಾಡಿದಳು, ಅಷ್ಟೇ. ಮುಕ್ಕಾಲು ಮೈಲಿ. ಗೂಡಿನ ಮೂಟೆ ಮಾರಿ ಬರುವಾಗಲೂ, ಮಳೆಯಲ್ಲೂ, ಮೊಣಕಾಲು ಊದಿದ ಮೇಲೂ.

ಮೊನ್ನೆ ರಾಮನಗರದಿಂದ ಒಂದೇ ಬಸ್ಸಿನಲ್ಲಿ ಬಂದೆವು. ಈಗ ಹೆಂಗಸರಿಗೆ ಬಸ್ಸಿನಲ್ಲಿ ಕಾಸಿಲ್ಲ, ಊರಿನ ಹೆಸರು ಹೇಳಿದರೆ ಸಾಕು. ಕಂಡಕ್ಟರ್ ಹೊಸಬ.

"ಅಜ್ಜಿ, ನಿಮ್ಮೂರು ಬಂತಂತೆ, ಇಳೀರಿ. ಇವ್ರೆಲ್ಲ ಹೇಳ್ತಾವ್ರೆ."

"ನಮ್ಮೂರು ಇದಲ್ಲ ಕಣಪ್ಪ. ಮುಂದಕ್ ಬುಡು."

ನಾನೂ ಇಳಿಯಲಿಲ್ಲ. ಮುಂದಿನ ಸ್ಟಾಪಿನಲ್ಲಿ ಇಬ್ಬರೂ ಇಳಿದು ಹಿಂದಕ್ಕೆ ನಡೆದೆವು. ಅವಳ ಕೈಚೀಲ ಕೇಳಿದೆ, ಕೊಡಲಿಲ್ಲ. ಅರ್ಧ ದಾರಿಯಲ್ಲಿ, ಹಳೆಯದನ್ನೆಲ್ಲ ಬರೆಯುತ್ತಿದ್ದೇನೆ, ಭಾವನ ಹೆಸರು ಹಾಕಲೇ ಎಂದು ಕೇಳಿದೆ.

"ಹಾಕ್ಬೇಕಾದ ಕಡೆ ಹಾಕ್ನಿಲ್ಲ," ಎಂದಳು. "ಇನ್ನೆಲ್ಲಾರ ಹಾಕಿ ಏನ್ ಮಾಡೀಯ. ಬುಡು ತಮ್ಮಯ್ಯ."

ಅದಕ್ಕೇ ಇಲ್ಲೂ ಹಾಕಿಲ್ಲ.

ಹಳದಿ ಹಲಗೆಯ ಹತ್ತಿರ ಬಂದಾಗ ಅವಳು ಸುಧಾರಿಸಿಕೊಳ್ಳಲು ಅದಕ್ಕೇ ಒಂದು ಕೈ ಊರಿ ನಿಂತಳು. ಅಕ್ಕನಿಗೆ ಓದು ಬರುವುದಿಲ್ಲ. ಅಂಗೈಯ ಅಗಲದಷ್ಟು ಅಕ್ಷರಗಳು ಅವಳ ಕೈಯ ಕೆಳಗೆ ಮುಚ್ಚಿಹೋಗಿದ್ದವು. ಉಳಿದವನ್ನು ನಾನು ಓದುತ್ತ ನಿಂತೆ.